ಎಸ್ಟೋನಿಯಾದ ಹಳೇ ಕಾಗದಪತ್ರಗಳಿಗೆ ಬೆಲೆ ಇತ್ತು

ಸಂಪಾದಕರಿಗೆ ನಮಸ್ಕಾರ.

ಉಕ್ರೇನ್ ಯುದ್ಧದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರೊಬ್ಬರ ಪತ್ರ ನೋಡಿ ಸುಮ್ಮನಿರಲು ಆಗಲಿಲ್ಲ. ದೊಡ್ಡ ದೇಶ ಸಣ್ಣ ದೇಶವನ್ನು ನುಂಗಿ ಒಂದಷ್ಟು ವರ್ಷ ಕಳೆದರೆ ಅದು ಅವರದೇ ಆಗಿಬಿಡುತ್ತದೆ, ಆಮೇಲೆ ಒಪ್ಪಂದ, ಠರಾವು, ಅಂತರರಾಷ್ಟ್ರೀಯ ಕಾನೂನು ಅಂತ ಕಾಗದ ಹಿಡಿದು ಓಡಾಡುವುದೆಲ್ಲ ಸುಮ್ನೆ ಕಾಲಹರಣ ಎಂದು ಅವರು ಬರೆದಿದ್ದಾರೆ. ಉತ್ತರ ಯುರೋಪಿನ ಬಾಲ್ಟಿಕ್ ದೇಶಗಳು (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ಹೊರಗೆ ಬಂದಿದ್ದೂ ಸೋವಿಯತ್ ಒಕ್ಕೂಟ ಕುಸಿದಿದ್ದರಿಂದಲೇ ಹೊರತು ಕಾನೂನಿನಿಂದ ಅಲ್ಲವಂತೆ. ಇದು ತಪ್ಪು. ಎಸ್ಟೋನಿಯಾದ ಕಥೆ ಗೊತ್ತಿದ್ದವರು ಹೀಗೆ ಬರೆಯುವುದಿಲ್ಲ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ಎಸ್ಟೋನಿಯಾ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತಲೂ ಚಿಕ್ಕದು. ಇಡೀ ದೇಶದ ಜನಸಂಖ್ಯೆ ಮೈಸೂರು ನಗರದಷ್ಟು ಅಂತಿಟ್ಟುಕೊಳ್ಳಿ. 1918ರ ಫೆಬ್ರವರಿ 24ರಂದು ಸ್ವಾತಂತ್ರ್ಯ ಘೋಷಿಸಿಕೊಂಡಿತು, ಅದಕ್ಕಾಗಿ ಯುದ್ಧ ಮಾಡಿತು, ಗೆದ್ದಿತು. 1920ರ ಫೆಬ್ರವರಿ 2ರಂದು ಟಾರ್ಟು ಎಂಬ ಊರಲ್ಲಿ ಸೋವಿಯತ್ ರಷ್ಯಾ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಎಸ್ಟೋನಿಯಾದ ನೆಲ ಮತ್ತು ಜನರ ಮೇಲೆ ತನಗಿದ್ದ ಎಲ್ಲ ಹಕ್ಕನ್ನೂ ಸ್ವಇಚ್ಛೆಯಿಂದ, ಶಾಶ್ವತವಾಗಿ ಬಿಟ್ಟುಕೊಡುತ್ತೇನೆ ಎಂದು ಆ ಒಪ್ಪಂದದ ಎರಡನೇ ಕಲಮು ಹೇಳುತ್ತದೆ. ಬರೆದುಕೊಟ್ಟಿದ್ದು ಲೆನಿನ್ ಸರ್ಕಾರವೇ. 1921ರ ಸೆಪ್ಟೆಂಬರಿನಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘ ಸೇರಿದವು. (ಬ್ರಿಟಿಷರ ಕೈಕೆಳಗಿದ್ದ ಭಾರತಕ್ಕೂ ಆಗ ಅಲ್ಲಿ ಒಂದು ಕುರ್ಚಿ ಇತ್ತು.) 1932ರಲ್ಲಿ ಮಾಸ್ಕೋ ಜೊತೆ ಪರಸ್ಪರ ಆಕ್ರಮಣ ಮಾಡುವುದಿಲ್ಲ ಎಂಬ ಒಪ್ಪಂದವೂ ಆಯಿತು. ಅದನ್ನು 1945ರ ಕೊನೆಯವರೆಗೆ ವಿಸ್ತರಿಸಿದರು.

ಇಷ್ಟು ಕಾಗದ ಇದ್ದೂ ಏನಾಯಿತು? 1939ರ ಆಗಸ್ಟ್ 23ರಂದು ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್ ಮತ್ತು ಜರ್ಮನಿಯ ವಿದೇಶಾಂಗ ಮಂತ್ರಿ ರಿಬೆನ್‌ಟ್ರಾಪ್ ಸಹಿ ಹಾಕಿದ ಒಪ್ಪಂದಕ್ಕೆ ಒಂದು ಗುಟ್ಟಿನ ಅನುಬಂಧ ಸೇರಿಕೊಂಡಿತು. ಪೂರ್ವ ಯುರೋಪನ್ನು ಹಿಟ್ಲರ್ ಮತ್ತು ಸ್ಟಾಲಿನ್ ಅದರಲ್ಲಿ ಹಂಚಿಕೊಂಡರು. ಎಸ್ಟೋನಿಯಾ ಸ್ಟಾಲಿನ್ ಪಾಲಿಗೆ ಹೋಯಿತು. ಮುಂದಿನ ತಿಂಗಳೇ ಬೆದರಿಸಿ, 25,000 ಸೋವಿಯತ್ ಸೈನಿಕರನ್ನು ನಿಮ್ಮ ನೆಲದಲ್ಲಿ ಇಟ್ಟುಕೊಳ್ಳಿ ಎಂದು ಸಹಿ ಹಾಕಿಸಿಕೊಂಡರು. 1940ರ ಜೂನ್ 16ರಂದು ಕೊನೆಯ ಎಚ್ಚರಿಕೆ ಬಂತು, ಮರುದಿನ ಸೈನ್ಯ ಒಳಗೆ ನುಗ್ಗಿತು.

ಇದರ ನಂತರ ಆಗಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕಂದ್ರೆ ಇಡೀ ಕೇಸು ನಿಂತಿರುವುದೇ ಇದರ ಮೇಲೆ. ಬರೀ ಆಕ್ರಮಣ ಅಂತ ಅನ್ನಿಸಿಕೊಳ್ಳುವುದು ಸ್ಟಾಲಿನ್‌ಗೆ ಬೇಕಿರಲಿಲ್ಲ. ಜನರೇ ಕೇಳಿಕೊಂಡರು ಎಂಬ ನಾಟಕ ಬೇಕಿತ್ತು. ಮಾಸ್ಕೋದಿಂದ ಸ್ಟಾಲಿನ್ ಪ್ರತಿನಿಧಿಯಾಗಿ ಝ್ದಾನೊವ್ ಬಂದು ಕೂತು ತಮಗೆ ಬೇಕಾದವರ ಸರ್ಕಾರ ಮಾಡಿಸಿದರು. ಆ ಸರ್ಕಾರ ಜುಲೈ 14 ಮತ್ತು 15ಕ್ಕೆ ಅವಸರದ ಚುನಾವಣೆ ಇಟ್ಟಿತು. ಚುನಾವಣಾ ಕಾನೂನು ಬದಲಿಸಬೇಕಾದರೆ ಸಂಸತ್ತಿನ ಮೇಲ್ಮನೆಯ ಒಪ್ಪಿಗೆ ಬೇಕು ಎಂದು ಆ ದೇಶದ ಸಂವಿಧಾನ ಹೇಳುತ್ತಿತ್ತು. ಒಪ್ಪಿಗೆ ಕೇಳಲೇ ಇಲ್ಲ. ಎದುರಾಳಿಗಳ ನಾಮಪತ್ರ ತಿರಸ್ಕರಿಸಿದರು, ಉಳಿದಿದ್ದು ಒಂದೇ ಪಟ್ಟಿ. ಆ ಪಟ್ಟಿಯವರ ಪ್ರಣಾಳಿಕೆಯಲ್ಲಿ ಸೋವಿಯತ್ ಒಕ್ಕೂಟ ಸೇರುತ್ತೇವೆ ಎಂಬ ಒಂದು ಸಾಲೂ ಇರಲಿಲ್ಲ. ಗೆದ್ದವರು ಜುಲೈ 21ಕ್ಕೆ ಸಭೆ ಸೇರಿದರು, ನಮ್ಮನ್ನು ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಲು ತೀರ್ಮಾನಿಸಿಯೇ ಬಿಟ್ಟರು. ಆಗಸ್ಟ್ 6ಕ್ಕೆ ಮಾಸ್ಕೋ 'ಒಪ್ಪಿಕೊಂಡಿತು'. ಲಾಟ್ವಿಯಾ, ಲಿಥುವೇನಿಯಾದಲ್ಲೂ ಅದೇ ದಿನಗಳಲ್ಲಿ ಇದೇ ನಾಟಕ. ಅಧ್ಯಕ್ಷ ಕಾನ್‌ಸ್ಟಾಂಟಿನ್ ಪ್ಯಾಟ್ಸ್ ಅವರನ್ನು ರಷ್ಯಾಕ್ಕೆ ಸಾಗಿಸಿದರು. 1956ರಲ್ಲಿ ಅಲ್ಲೇ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಪತ್ರ ಬರೆದ ಓದುಗರು ಒಂದು ವಿಷಯ ಯೋಚಿಸಲಿ. ನಮ್ಮ ಹೊಲಕ್ಕೆ ಪಕ್ಕದವನು ರಾತ್ರೋರಾತ್ರಿ ಬೇಲಿ ಹಾಕಿ, ಹೆದರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು, ಪಹಣಿಯಲ್ಲಿ ತನ್ನ ಹೆಸರು ಏರಿಸಿಕೊಂಡ ಅಂತಿಟ್ಟುಕೊಳ್ಳಿ. ಉಳುವವನು ಅವನೇ, ಕಂದಾಯ ಕಟ್ಟುವವನೂ ಅವನೇ. ಆದರೆ ನಾವು ತಕರಾರು ಬಿಡದೆ, ಮೂಲ ಪತ್ರ ಜೋಪಾನ ಮಾಡಿ, ವರ್ಷ ವರ್ಷ ಆಕ್ಷೇಪಣೆ ಸಲ್ಲಿಸುತ್ತಾ ಇದ್ದರೆ ಆ ಕೇಸು ಸಾಯುವುದಿಲ್ಲ ಅಲ್ವಾ? ತಪ್ಪಿನಿಂದ ಹಕ್ಕು ಹುಟ್ಟುವುದಿಲ್ಲ ಎಂಬುದು ರೋಮನ್ನರ ಕಾಲದ ನ್ಯಾಯ. ಎಸ್ಟೋನಿಯಾ ಹಿಡಿದುಕೊಂಡಿದ್ದು ಇದನ್ನೇ. ನಮ್ಮ ದೇಶ ಸತ್ತಿಲ್ಲ, ಬೇರೆಯವರ ಸೈನ್ಯ ಕೂತಿದೆ ಅಷ್ಟೇ, ಆ ಸೈನ್ಯ ಎದ್ದು ಹೋದ ದಿನ ಅದೇ ಹಳೇ ದೇಶ ಮತ್ತೆ ನಡೆಯುತ್ತದೆ ಎಂಬುದು ಅವರ ವಾದ.

ಇದಕ್ಕೆ ಮೊದಲ ದೊಡ್ಡ ಬೆಂಬಲ ಸಿಕ್ಕಿದ್ದು ಅಮೆರಿಕದಿಂದ. 1940ರ ಜುಲೈ 23ರಂದು ಅಲ್ಲಿನ ವಿದೇಶಾಂಗ ಇಲಾಖೆಯ ಸಮ್ನರ್ ವೆಲ್ಸ್ ಒಂದು ಚಿಕ್ಕ ಹೇಳಿಕೆ ಕೊಟ್ಟರು. ಬಲಪ್ರಯೋಗದಿಂದ, ಬೆದರಿಕೆಯಿಂದ ಆದ ಈ ಬದಲಾವಣೆಯನ್ನು ಒಪ್ಪುವುದಿಲ್ಲ ಎಂಬುದು ಅದರ ತಿರುಳು. ಎಂಟು ವರ್ಷ ಹಿಂದೆ ಜಪಾನ್ ಮಂಚೂರಿಯಾ ಹಿಡಿದಾಗಲೂ ಅಮೆರಿಕ ಇದೇ ಮಾತು ಹೇಳಿತ್ತು. ಅಮೆರಿಕದ ಬ್ಯಾಂಕುಗಳಲ್ಲಿದ್ದ ಬಾಲ್ಟಿಕ್ ದೇಶಗಳ ಹಣವನ್ನು ಸೋವಿಯತ್ ಕೈಗೆ ಸಿಗದಂತೆ ತಡೆಹಿಡಿದರು. ಸ್ಟಾಲಿನ್ ಯುದ್ಧದಲ್ಲಿ ಮಿತ್ರನಾದರೂ, ಆಮೇಲೆ ಶೀತಲ ಸಮರ ಬಂದರೂ, ಅಧ್ಯಕ್ಷರು ಒಬ್ಬರಾದ ಮೇಲೆ ಒಬ್ಬರು ಬದಲಾದರೂ ಈ ನಿಲುವು ಬದಲಾಗಲಿಲ್ಲ. ಅಮೆರಿಕ ಸರ್ಕಾರದ ನಕ್ಷೆಗಳಲ್ಲೂ ಬಾಲ್ಟಿಕ್ ದೇಶಗಳ ವಿಲೀನವನ್ನು ನಾವು ಒಪ್ಪಿಲ್ಲ ಎಂದು ಒಂದು ಟಿಪ್ಪಣಿ ಇರುತ್ತಿತ್ತು.

ಎಲ್ಲರೂ ಇಷ್ಟು ಗಟ್ಟಿಯಾಗಿ ನಿಂತರು ಅಂತ ನಾನು ಹೇಳುವುದಿಲ್ಲ. ಸ್ವೀಡನ್ ತನ್ನ ಬಳಿ ಇದ್ದ ಬಾಲ್ಟಿಕ್ ಚಿನ್ನವನ್ನು ಬೇಗನೆ ಮಾಸ್ಕೋಗೆ ಒಪ್ಪಿಸಿತು. ಬ್ರಿಟನ್ ವಾಸ್ತವವಾಗಿ ಅಲ್ಲಿ ಸೋವಿಯತ್ ಆಡಳಿತ ಇದೆ ಎಂದಿತು, ಕಾನೂನುಬದ್ಧ ಎಂದು ಮಾತ್ರ ಹೇಳಲಿಲ್ಲ. ಆದರೂ 1960ರ ದಶಕದಲ್ಲಿ ತನ್ನಲ್ಲಿದ್ದ ಬಾಲ್ಟಿಕ್ ಚಿನ್ನ ಮಾರಿ ಬೇರೆ ಲೆಕ್ಕ ಚುಕ್ತಾ ಮಾಡಿಕೊಂಡಿತು. ಆಸ್ಟ್ರೇಲಿಯಾ 1974ರಲ್ಲಿ ಕಾನೂನುಬದ್ಧ ಎಂದು ಒಪ್ಪಿ, ಮರುವರ್ಷ ಸರ್ಕಾರ ಬದಲಾದ ಮೇಲೆ ಮಾತು ವಾಪಸ್ ತೆಗೆದುಕೊಂಡಿತು. ಅಂದರೆ ಈ ಕೇಸು ಯಾವಾಗ ಬೇಕಾದರೂ ಬಿದ್ದುಹೋಗಬಹುದಿತ್ತು. ಬೀಳದಂತೆ ಹಿಡಿದವರು ಕೆಲವೇ ಜನ. ಅವರ ಬಗ್ಗೆ ಹೇಳಲೇಬೇಕು.

ಯೂರಿ ಉಲುವೊಟ್ಸ್ ಎಂಬವರು ಎಸ್ಟೋನಿಯಾದ ಕೊನೆಯ ಕಾನೂನುಬದ್ಧ ಪ್ರಧಾನಿ. ಮೂಲತಃ ಟಾರ್ಟು ವಿಶ್ವವಿದ್ಯಾಲಯದ ಕಾನೂನು ಪ್ರೊಫೆಸರ್. ಅಧ್ಯಕ್ಷರು ಕೆಲಸ ಮಾಡಲಾಗದ ಸ್ಥಿತಿಯಲ್ಲಿದ್ದರೆ ಪ್ರಧಾನಿಯೇ ಆ ಹೊಣೆ ಹೊರಬೇಕು ಎಂದು ಸಂವಿಧಾನದಲ್ಲಿತ್ತು. 1944ರ ಸೆಪ್ಟೆಂಬರ್‌ನಲ್ಲಿ 1941ರಿಂದ ದೇಶವನ್ನು ಹಿಡಿದಿದ್ದ ಜರ್ಮನ್ನರು ಓಡಿಹೋಗುತ್ತಿದ್ದರು, ಸೋವಿಯತ್ತಿನ ಕೆಂಪು ಸೇನೆ ಇನ್ನೂ ರಾಜಧಾನಿ ಟಾಲಿನ್ ತಲುಪಿರಲಿಲ್ಲ. ಆ ನಡುವಿನ ನಾಲ್ಕೈದು ದಿನದಲ್ಲಿ ಉಲುವೊಟ್ಸ್ ಆ ಕಲಮಿನ ಪ್ರಕಾರ ಒಟ್ಟೊ ಟೀಫ್ ನೇತೃತ್ವದ ಸರ್ಕಾರ ನೇಮಿಸಿದರು. ಟಾಲಿನ್ ಕೋಟೆಯ ಪಿಕ್ ಹೆರ್ಮನ್ ಗೋಪುರದ ಮೇಲೆ ನೀಲಿ-ಕಪ್ಪು-ಬಿಳಿ ಬಾವುಟ ಹಾರಿತು. ಸೆಪ್ಟೆಂಬರ್ 22ಕ್ಕೆ ಕೆಂಪು ಸೇನೆ ಒಳಗೆ ಬಂತು. ಆ ಸೈನ್ಯವನ್ನು ತಡೆಯಲಾಗದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಾಡಿದರು, ಯಾಕಂದ್ರೆ ಸೋವಿಯತ್ ಸೇನೆ ಟಾಲಿನ್ ಅನ್ನು ಜರ್ಮನ್ನರಿಂದ ಕಿತ್ತುಕೊಂಡಿದ್ದಲ್ಲ, ಎಸ್ಟೋನಿಯಾದ ಸ್ವಂತ ಸರ್ಕಾರದಿಂದ ಕಿತ್ತುಕೊಂಡಿದ್ದು ಎಂದು ದಾಖಲೆಯಲ್ಲಿ ಉಳಿಯಬೇಕಿತ್ತು. ಸೈನ್ಯವೇ ಇಲ್ಲದವರು ಮಾಡಬಹುದಾಗಿದ್ದು ಅದೊಂದೇ, ಅದನ್ನು ಕಾನೂನು ತಪ್ಪದಂತೆ ಮಾಡಿದರು ನೋಡಿ. ಕಾಯಿಲೆ ಬಿದ್ದಿದ್ದ ಉಲುವೊಟ್ಸ್ ಸ್ವೀಡನ್‌ಗೆ ದಾಟಿದರು, 1945ರ ಜನವರಿಯಲ್ಲಿ ತೀರಿಕೊಂಡರು. ಅಧಿಕಾರ ಮುಂದಿನವರ ಕೈಗೆ ಹೋಯಿತು, 1953ರಲ್ಲಿ ಓಸ್ಲೋದಲ್ಲಿ ದೇಶಭ್ರಷ್ಟ ಸರ್ಕಾರ ರಚನೆಯಾಯಿತು. ಅದನ್ನು ಯಾವ ದೇಶವೂ ಸರ್ಕಾರ ಅಂತ ಒಪ್ಪಲಿಲ್ಲ. ಅವರು ಒಬ್ಬರಿಂದ ಒಬ್ಬರಿಗೆ ಅಧಿಕಾರ ದಾಟಿಸುತ್ತಲೇ ಹೋದರು.

ಇನ್ನೊಬ್ಬರು ಎರ್ನ್ಸ್ಟ್ ಯಾಕ್ಸನ್. ಹುಡುಗನಾಗಿದ್ದಾಗಲೇ, 1919ರಲ್ಲಿ, ಎಸ್ಟೋನಿಯಾದ ವಿದೇಶಾಂಗ ಸೇವೆಗೆ ಸೇರಿದವರು. 1930ರ ದಶಕದಲ್ಲಿ ನ್ಯೂಯಾರ್ಕ್ ಕಚೇರಿಗೆ ಹೋದರು. ದೇಶ ಮುಳುಗಿದ ಮೇಲೂ ಆ ಕಚೇರಿ ಮುಚ್ಚಲಿಲ್ಲ. 1965ರಿಂದ ಅವರೇ ಅದರ ಮುಖ್ಯಸ್ಥರು. ಎಸ್ಟೋನಿಯಾ ಗಣರಾಜ್ಯದ ಪಾಸ್‌ಪೋರ್ಟ್ ಬರೆದುಕೊಡುತ್ತಿದ್ದರು, ನವೀಕರಿಸುತ್ತಿದ್ದರು, ಠಸ್ಸೆ ಹಾಕುತ್ತಿದ್ದರು. ಅಮೆರಿಕ ಆ ಠಸ್ಸೆಯನ್ನು ಮಾನ್ಯ ಮಾಡುತ್ತಿತ್ತು. ಯೋಚಿಸಿ, ಭೂಪಟದಲ್ಲಿ ಎಲ್ಲೂ ಕಾಣದ ದೇಶದ ಪಾಸ್‌ಪೋರ್ಟ್! ವಾಷಿಂಗ್ಟನ್‌ನಲ್ಲಿ ಲಾಟ್ವಿಯಾ, ಲಿಥುವೇನಿಯಾದ ಕಚೇರಿಗಳೂ ಹಾಗೆಯೇ ನಡೆದವು. ತಡೆಹಿಡಿದಿದ್ದ ಹಣದಿಂದಲೇ ಖರ್ಚು ಸಾಗುತ್ತಿತ್ತು. 1980ರ ಸುಮಾರಿಗೆ ಲಿಥುವೇನಿಯಾದ ದುಡ್ಡು ಖಾಲಿಯಾದಾಗ ಲಾಟ್ವಿಯಾದ ಕಚೇರಿ ಸಾಲ ಕೊಟ್ಟು ನಡೆಸಿತು. ರಾಜತಂತ್ರಜ್ಞರು ವಯಸ್ಸಾಗಿ ಒಬ್ಬೊಬ್ಬರಾಗಿ ಸಾಯುತ್ತಿದ್ದರು, ಹೊಸಬರನ್ನು ನೇಮಿಸಲು ಸ್ವದೇಶದಲ್ಲಿ ಸರ್ಕಾರವೇ ಇಲ್ಲ. ಇದೆಲ್ಲ ಎಷ್ಟು ದಿನ ಅಂತ ಹೊರಗಿನವರಿಗೆ ಅನ್ನಿಸಿರಬಹುದು. ನನಗೆ ಇದು ಓದಿದಾಗಲೆಲ್ಲ ಆ ಜನರ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಒಳಗಿದ್ದವರ ಕಷ್ಟ ಇನ್ನೂ ದೊಡ್ಡದು. 1941ರ ಜೂನ್ ಮತ್ತು 1949ರ ಮಾರ್ಚ್‌ನಲ್ಲಿ ಸಾವಿರಾರು ಕುಟುಂಬಗಳನ್ನು ಮಕ್ಕಳು ಮುದುಕರ ಸಮೇತ ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಆ ಗುಟ್ಟಿನ ಅನುಬಂಧ ಇತ್ತೆಂದೇ ಮಾಸ್ಕೋ ಒಪ್ಪುತ್ತಿರಲಿಲ್ಲ, ಅದರ ಬಗ್ಗೆ ಬಾಯಿಬಿಟ್ಟರೆ ಜೈಲು. ಆದರೂ 1979ರ ಆಗಸ್ಟ್ 23ರಂದು ಮೂರೂ ದೇಶದ 45 ಜನ ಹೆಸರು ಹಾಕಿ ಮನವಿ ಬರೆದರು, ಆ ಒಪ್ಪಂದ ಬಹಿರಂಗ ಮಾಡಿ, ರದ್ದು ಮಾಡಿ ಎಂದು. ಕೆಲವರು ಜೈಲಿಗೆ ಹೋದರು. 1983ರಲ್ಲಿ ಯುರೋಪಿಯನ್ ಸಂಸತ್ತು ಬಾಲ್ಟಿಕ್ ದೇಶಗಳ ಪರ ಠರಾವು ಮಾಡಿದಾಗ ಈ ಮನವಿಯೇ ಅದರ ಮುಂದಿತ್ತು. ಒಂದು ಕಾಗದ ಇನ್ನೊಂದು ಕಾಗದವನ್ನು ಎಬ್ಬಿಸಿತು. 1989ರ ಅದೇ ಆಗಸ್ಟ್ 23ಕ್ಕೆ ಟಾಲಿನ್‌ನಿಂದ ರೀಗಾ ದಾಟಿ ವಿಲ್ನಿಯಸ್‌ವರೆಗೆ, ಅಂದರೆ ಮೂರೂ ದೇಶಗಳ ರಾಜಧಾನಿಗಳ ಉದ್ದಕ್ಕೂ, ಲಕ್ಷ ಲಕ್ಷ ಜನ ಕೈ ಕೈ ಹಿಡಿದು ನಿಂತರು. ಆ ವರ್ಷ ಡಿಸೆಂಬರ್ 24ರಂದು ಸೋವಿಯತ್ ಪ್ರತಿನಿಧಿಗಳ ಮಹಾಸಭೆಯೇ ಆ ಗುಟ್ಟಿನ ಅನುಬಂಧ ಸಹಿ ಆದ ಕ್ಷಣದಿಂದಲೇ ಅಸಿಂಧು ಎಂದು ಘೋಷಿಸಿತು. ಕಳ್ಳತನ ಮಾಡಿದವರ ಬಾಯಿಂದಲೇ ಒಪ್ಪಿಗೆ ಬಂದ ಹಾಗಾಯಿತು.

ಅಷ್ಟರಲ್ಲಿ ಎಸ್ಟೋನಿಯಾದ ಊರೂರಿನಲ್ಲಿ ನಾಗರಿಕ ಸಮಿತಿಗಳು ಎದ್ದಿದ್ದವು. 1940ಕ್ಕೆ ಮೊದಲು ಈ ದೇಶದ ಪ್ರಜೆಗಳಾಗಿದ್ದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಬಂದು ಹೆಸರು ಬರೆಸಿದರು. ಸೋವಿಯತ್ ಆಡಳಿತ ಇನ್ನೂ ನಡೆಯುತ್ತಿರುವಾಗಲೇ, ಅದರ ಕಣ್ಣೆದುರೇ, ಹಳೇ ದೇಶದ ಮತದಾರರ ಪಟ್ಟಿ ತಯಾರಾಯಿತು! 1990ರ ಆರಂಭದಲ್ಲಿ ಅವರೇ ಮತ ಹಾಕಿ ಎಸ್ಟೋನಿಯಾ ಕಾಂಗ್ರೆಸ್ ಎಂಬ ಸಭೆ ಆರಿಸಿದರು.

ಈಗ ಸೋವಿಯತ್ ನಾಯಕ ಗೋರ್ಬಚೆವ್ ಏನು ಮಾಡಿದರು ನೋಡಿ. 1990ರ ಮಾರ್ಚ್ 11ರಂದು ಲಿಥುವೇನಿಯಾ ತನ್ನ ರಾಜ್ಯವನ್ನು ಮರುಸ್ಥಾಪಿಸಿದ ಮೇಲೆ, ಏಪ್ರಿಲ್‌ನಲ್ಲಿ ಒಂದು ಕಾನೂನು ತಂದರು. ಒಕ್ಕೂಟದಿಂದ ಹೊರಹೋಗಬೇಕಾದರೆ ಮೂರರಲ್ಲಿ ಎರಡು ಭಾಗ ಜನ ಒಪ್ಪಬೇಕು, ಆಮೇಲೆ ಐದು ವರ್ಷದವರೆಗೆ ಕಾಯಬೇಕು. ಹೊರನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅರ್ಜಿ ಹಾಕಿದರೆ ನಾವು ಕಾನೂನಾಗಿ ಒಳಗಿದ್ದೆವು ಎಂದು ಒಪ್ಪಿದಂತೆ. ಲಿಥುವೇನಿಯಾದ ನಾಯಕ ಲ್ಯಾಂಡ್ಸ್‌ಬರ್ಗಿಸ್ ಮತ್ತು ಜೊತೆಯವರು ಆ ಬಲೆಗೆ ಬೀಳಲಿಲ್ಲ. ನಾವು ಸೇರಿಯೇ ಇರಲಿಲ್ಲ, ಹೊರಹೋಗಲು ಅನುಮತಿ ಯಾಕೆ ಕೇಳಬೇಕು ಎಂದರು. ಅದಕ್ಕೆ ಬೆಲೆ ತೆತ್ತರು. ಇಂಧನ ನಿಲ್ಲಿಸಿ ದಿಗ್ಬಂಧನ ಹಾಕಿದರು. 1991ರ ಜನವರಿ 13ರ ರಾತ್ರಿ ವಿಲ್ನಿಯಸ್‌ನ ಟಿವಿ ಗೋಪುರದ ಹತ್ತಿರ ಟ್ಯಾಂಕುಗಳು ನುಗ್ಗಿದವು, 14 ಜನ ಸತ್ತರು. ಮರುತಿಂಗಳು ಪುಟ್ಟ ಐಸ್‌ಲ್ಯಾಂಡಿನ ಸಂಸತ್ತು ಲಿಥುವೇನಿಯಾದ ಸ್ವಾತಂತ್ರ್ಯಕ್ಕೆ ಯುದ್ಧಕ್ಕೂ ಹಿಂದೆಯೇ ಕೊಟ್ಟಿದ್ದ ಮಾನ್ಯತೆ ಇಂದಿಗೂ ಊರ್ಜಿತ ಎಂದು ಹೇಳಿತು.

ಒಕ್ಕೂಟ ಕುಸಿಯಿತು, ಅದಕ್ಕೇ ಬಿಡುಗಡೆ ಆಯಿತು ಅನ್ನುವ ವಾದಕ್ಕೆ ಬರುತ್ತೇನೆ. ಮಾಸ್ಕೋದಲ್ಲಿ 1991ರ ಆಗಸ್ಟ್ 19ರ ಕ್ಷಿಪ್ರಕ್ರಾಂತಿ ಎದ್ದು ವಿಫಲವಾಗದಿದ್ದರೆ ಇನ್ನೂ ತಡವಾಗುತ್ತಿತ್ತು, ನಿಜ. ಎಸ್ಟೋನಿಯಾ ಆಗಸ್ಟ್ 20ರ ರಾತ್ರಿ, ಲಾಟ್ವಿಯಾ ಮರುದಿನ ಘೋಷಣೆ ಮಾಡಿದವು. ಆದರೆ ತಾರೀಕು ನೋಡಿ. ಸೋವಿಯತ್ ಒಕ್ಕೂಟ ಇನ್ನೂ ಬದುಕಿರುವಾಗಲೇ, ಸೆಪ್ಟೆಂಬರ್ 6ಕ್ಕೆ ಮಾಸ್ಕೋ ಈ ಮೂರನ್ನು ಒಪ್ಪಿತು. ಸೆಪ್ಟೆಂಬರ್ 17ಕ್ಕೆ ಮೂರೂ ವಿಶ್ವಸಂಸ್ಥೆ ಸೇರಿದವು. ಭಾರತವೂ ಸೆಪ್ಟೆಂಬರ್‌ನಲ್ಲೇ ಮಾನ್ಯ ಮಾಡಿತು. ಉಕ್ರೇನ್ ಕೂಡ ಆಗಸ್ಟ್‌ನಲ್ಲೇ ಘೋಷಿಸಿಕೊಂಡಿತ್ತು, ಎಷ್ಟೋ ದೊಡ್ಡ ದೇಶ, ಆದರೂ ಜಗತ್ತು ಅದನ್ನು ಒಪ್ಪಲು ಡಿಸೆಂಬರ್ ಬರಬೇಕಾಯಿತು. ಅದೇ ವರ್ಷ ಚೆಚೆನ್ಯಾವೂ ಸ್ವತಂತ್ರ ಎಂದಿತು. ಹಿಂದೆ ಅದನ್ನು ದೇಶ ಎಂದು ಯಾರೂ ಮಾನ್ಯ ಮಾಡಿರಲಿಲ್ಲ, ರಾಷ್ಟ್ರಸಂಘದಲ್ಲಿ ಕುರ್ಚಿ ಇರಲಿಲ್ಲ, ನ್ಯೂಯಾರ್ಕ್‌ನಲ್ಲಿ ಕಚೇರಿ ಇರಲಿಲ್ಲ. ವಿಶ್ವಸಂಸ್ಥೆಯ ಹತ್ತಿರಕ್ಕೂ ಅದಕ್ಕೆ ಬರಲಾಗಲಿಲ್ಲ, ಎರಡು ಯುದ್ಧದಲ್ಲಿ ನೆಲಸಮವಾಯಿತು. ಇದು ಚೆಚೆನ್ ಜನರ ತಪ್ಪಲ್ಲ. ಆದರೆ ಒಂದೇ ಕುಸಿತದಲ್ಲಿ ಒಬ್ಬರು ಹೊರಬಂದು ಇನ್ನೊಬ್ಬರು ಯಾಕೆ ಸಿಕ್ಕಿಕೊಂಡರು ಅನ್ನುವುದಕ್ಕೆ ಓದುಗ ಮಿತ್ರರು ಉತ್ತರ ಕೊಡಲಿ. ಅಮೆರಿಕವಂತೂ ಎಸ್ಟೋನಿಯಾವನ್ನು ಹೊಸದಾಗಿ ಮಾನ್ಯ ಮಾಡಲೇ ಇಲ್ಲ. 1922ರಲ್ಲಿ ಕೊಟ್ಟ ಮಾನ್ಯತೆ ಹಾಗೇ ಇದೆ, ರಾಯಭಾರ ಸಂಬಂಧ ಮತ್ತೆ ಶುರು ಮಾಡುತ್ತೇವೆ ಅಷ್ಟೇ ಎಂದಿತು. ಅಲ್ಲಿಗೆ ಎಸ್ಟೋನಿಯಾದ ರಾಯಭಾರಿ ಆದವರು ಯಾರು ಗೊತ್ತಾ? ಅದೇ ಎರ್ನ್ಸ್ಟ್ ಯಾಕ್ಸನ್. ಆಗ ಅವರಿಗೆ ಎಂಬತ್ತು ದಾಟಿತ್ತು.

ಕಾಗದದಿಂದ ಹೊಟ್ಟೆ ತುಂಬುತ್ತದಾ ಅಂತ ಕೇಳುವವರಿಗೆ ಇನ್ನೊಂದು ಹೇಳುತ್ತೇನೆ. 1992ರ ಜೂನ್‌ನಲ್ಲಿ ಎಸ್ಟೋನಿಯಾ ರೂಬಲ್ ಬಿಟ್ಟು ತನ್ನದೇ ಕ್ರೋನ್ ನಾಣ್ಯ ತಂದಿತು. ಬೊಕ್ಕಸ ಬರಿದು. ಆ ನಾಣ್ಯಕ್ಕೆ ಬೆನ್ನಾಗಿ ನಿಂತಿದ್ದು ಯುದ್ಧಕ್ಕೆ ಮೊದಲು ಹೊರದೇಶಗಳಲ್ಲಿ ಇಟ್ಟಿದ್ದ ಚಿನ್ನ. ಹಿಂದೆ ಮಾರಿ ತಿಂದಿದ್ದ ಬ್ರಿಟನ್ ಕೂಡ ಅದರ ಲೆಕ್ಕ ಕೊಟ್ಟಿತು. ಹೊಸ ದೇಶವಾಗಿದ್ದರೆ ಆ ಚಿನ್ನ ಕೇಳುವ ಹಕ್ಕು ಎಲ್ಲಿಂದ ಬರುತ್ತಿತ್ತು? ಅದೇ ವರ್ಷ ಅಕ್ಟೋಬರ್ 8ರಂದು ದೇಶಭ್ರಷ್ಟ ಸರ್ಕಾರದ ಹೈನ್ರಿಖ್ ಮಾರ್ಕ್ ಟಾಲಿನ್‌ಗೆ ಬಂದು, ಚುನಾಯಿತ ಅಧ್ಯಕ್ಷ ಲೆನ್ನಾರ್ಟ್ ಮೆರಿ ಅವರಿಗೆ ತಮ್ಮ ಅಧಿಕಾರಪತ್ರ ಒಪ್ಪಿಸಿದರು. ಉಲುವೊಟ್ಸ್ ಹಿಡಿದುಕೊಂಡು ಹೋಗಿದ್ದು ವಾಪಸ್ ಬಂತು.

ಈ ವಾದಕ್ಕೆ ಒಂದು ಕಹಿ ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಹಳೇ ದೇಶವೇ ಮುಂದುವರಿದರೆ ಹಳೇ ದೇಶದ ಪ್ರಜೆಗಳೇ ಪ್ರಜೆಗಳು. ಸೋವಿಯತ್ ಕಾಲದಲ್ಲಿ ಕೆಲಸಕ್ಕೆಂದು ಬಂದು ನೆಲೆಸಿದ ಲಕ್ಷಾಂತರ ರಷ್ಯನ್ ಭಾಷಿಕರು, ಅಲ್ಲೇ ಹುಟ್ಟಿದ ಅವರ ಮಕ್ಕಳು ಸಹ, ಎಸ್ಟೋನಿಯಾ ಮತ್ತು ಲಾಟ್ವಿಯಾದಲ್ಲಿ ಒಂದೇ ದಿನದಲ್ಲಿ ಪೌರತ್ವ ಇಲ್ಲದವರಾದರು. ಭಾಷೆ ಕಲಿತು ಪರೀಕ್ಷೆ ಪಾಸಾದರೆ ಮಾತ್ರ ಪೌರತ್ವ. ಪೌರತ್ವ ಇಲ್ಲದವರಿಗೆ ಕೊಡುವ ಬೂದು ಬಣ್ಣದ ಪಾಸ್‌ಪೋರ್ಟ್ ಹಿಡಿದವರು ಇಂದಿಗೂ ಇದ್ದಾರೆ. ಲಿಥುವೇನಿಯಾ ಬೇರೆ ದಾರಿ ಹಿಡಿದು ಅಲ್ಲಿದ್ದ ಎಲ್ಲರಿಗೂ ಪೌರತ್ವದ ಅವಕಾಶ ಕೊಟ್ಟಿತು, ಹಾಗೆ ಕೊಟ್ಟಿದ್ದರಿಂದ ಅದರ ಕೇಸೇನೂ ಬಿದ್ದುಹೋಗಲಿಲ್ಲ. ಎಸ್ಟೋನಿಯಾದಲ್ಲಿ ಆಗ ಹುಟ್ಟಿದ ಮಕ್ಕಳಿಗಾದರೂ ತಕ್ಷಣ ಕೊಡಬಹುದಿತ್ತು ಅಂತ ನನಗೆ ಅನ್ನಿಸುತ್ತದೆ. ಆ ಹಠದಿಂದ ಲಾಭವಾಗಿದ್ದು ಮಾಸ್ಕೋ ಪ್ರಚಾರಕ್ಕೆ.

ನಮ್ಮ ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ನರನ್ನೂ ಇಂಥ ಕಾಲಹರಣಕ್ಕೆ ಉದಾಹರಣೆಯಾಗಿ ಆ ಓದುಗರು ಪತ್ರದಲ್ಲಿ ಎಳೆದು ತಂದಿದ್ದು ನನಗೆ ಬೇಸರವಾಯಿತು. ಅವರು ಮತ ಹಾಕಿ ತಮ್ಮ ಸಿಕ್ಯೋಂಗ್‌ನನ್ನು (ದೇಶಭ್ರಷ್ಟ ಟಿಬೆಟನ್ ಆಡಳಿತದ ಮುಖ್ಯಸ್ಥ) ಆರಿಸುತ್ತಾರೆ, ದಾಖಲೆ ಇಟ್ಟುಕೊಳ್ಳುತ್ತಾರೆ, ಮಕ್ಕಳಿಗೆ ಭಾಷೆ ಕಲಿಸುತ್ತಾರೆ. ಅವರ ನಾಯಕರು ಕೇಳುತ್ತಿರುವುದು ಸ್ವಾಯತ್ತತೆ, ಹಾಗಾಗಿ ಅವರ ಕೇಸು ಎಸ್ಟೋನಿಯಾದ ಕೇಸಿನಂತೆಯೇ ಅಲ್ಲ. ಆದರೆ ಅವರು ಮಾಡುತ್ತಿರುವುದು ವ್ಯರ್ಥ ಅಂತ ನಾವು ಇಲ್ಲಿ ಕೂತು ತೀರ್ಪು ಕೊಡೋದು ಬೇಡ.

ಕೊನೆಯದಾಗಿ ಕ್ರಿಮಿಯಾ, ಅಂದರೆ 2014ರಲ್ಲಿ ರಷ್ಯಾ ತನ್ನದೆಂದು ಸೇರಿಸಿಕೊಂಡ ಉಕ್ರೇನಿನ ಪರ್ಯಾಯ ದ್ವೀಪ. 2014ರ ಮಾರ್ಚ್ 27ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 100 ದೇಶಗಳು ಉಕ್ರೇನ್ ಗಡಿಯ ಪರ ಮತ ಹಾಕಿದವು, 11 ವಿರುದ್ಧ, 58 ತಟಸ್ಥ. ನಾವು ತಟಸ್ಥರಲ್ಲಿ ಒಬ್ಬರು. 2018ರಲ್ಲಿ ಅಮೆರಿಕ ಕ್ರಿಮಿಯಾ ಬಗ್ಗೆ ಹೇಳಿಕೆ ಕೊಟ್ಟಾಗ 1940ರ ವೆಲ್ಸ್ ಹೇಳಿಕೆಯನ್ನೇ ನೆನಪಿಸಿತು. ಈಗ ಶಾಂತಿ ಮಾತುಕತೆಯ ಹೆಸರಲ್ಲಿ ಕ್ರಿಮಿಯಾ ರಷ್ಯಾದ್ದು ಅಂತ ಒಪ್ಪಿಬಿಟ್ಟರೆ ಆಯಿತು ಎನ್ನುವ ಮಾತು ಅಮೆರಿಕದ ಕಡೆಯಿಂದಲೇ ಕೇಳಿಬಂದಿದೆ. ಯುದ್ಧ ನಿಲ್ಲಿಸಲು ಕದನವಿರಾಮದ ಗೆರೆ ಎಲ್ಲಿ ಬೇಕಾದರೂ ಎಳೆಯಲಿ, ಅದು ಬೇರೆ ವಿಷಯ. ಕಾನೂನುಬದ್ಧ ಎಂದು ಬರೆದುಕೊಡುವುದು ಬೇರೆ, ಅದು ಒಮ್ಮೆ ಹೋದರೆ ಐವತ್ತು ವರ್ಷ ಬಿಟ್ಟು ಬರುವ ಮೊಮ್ಮಕ್ಕಳ ಕೈಯಲ್ಲಿ ಹಿಡಿಯಲು ಏನೂ ಇರುವುದಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಉಕ್ರೇನ್ ಸುದ್ದಿಯ ಜೊತೆ ನೀವು ಹಾಕುವ ನಕ್ಷೆಯಲ್ಲಿ ಕ್ರಿಮಿಯಾಕ್ಕೆ ಒಮ್ಮೊಮ್ಮೆ ರಷ್ಯಾದ ಬಣ್ಣವನ್ನೇ ಹಚ್ಚಿರುತ್ತೀರಿ. ಹಾಗೆ ಮಾಡಬೇಡಿ. ಗೆರೆ ಗೆರೆ ಎಳೆದು, ಕೆಳಗೆ ಚಿಕ್ಕ ಅಕ್ಷರದಲ್ಲಾದರೂ 'ರಷ್ಯಾ ವಶದಲ್ಲಿರುವ ಉಕ್ರೇನ್ ಪ್ರದೇಶ' ಎಂದು ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ಮೈಸೂರು